ಬಚ್ಚಲಿನಲ್ಲಿ ಒಂದು ದ್ವೀಪ

ಆ ಚಳಿಗಾಲ ನನಗೆ ಮೊದಲು ನೆನಪಾಗುವುದು ಎಡತೋಳಿನ ನೋವಿನಿಂದ. ಲಿನ್‌ವುಡ್‌ನ ಟ್ರಾವೆಲ್ ಕ್ಲಿನಿಕ್ಕಿನಲ್ಲಿ ಟೈಫಾಯ್ಡ್, ಹೆಪಟೈಟಿಸ್, ಧನುರ್ವಾಯುವಿನ ಲಸಿಕೆ ಎಂದು ಒಂದೇ ದಿನ ಸೂಜಿಯ ಮೇಲೆ ಸೂಜಿ ಚುಚ್ಚಿಸಿಕೊಂಡು ಮನೆಗೆ ಬಂದು ಮಲಗಿದ್ದೆ. ಮೈ ಸ್ವಲ್ಪ ಬಿಸಿಯಾಗಿತ್ತು. ಕಿಟಕಿಯ ಆಚೆ ಸಿಯಾಟಲ್‌ನ ಜಿಟಿಜಿಟಿ ಮಳೆ, ಅದಕ್ಕೆ ಶುರುವೂ ಇಲ್ಲ ಕೊನೆಯೂ ಇಲ್ಲ. ಅರೆನಿದ್ದೆಯಲ್ಲಿ ಮನೆ ಹತ್ತಿರದ ಕ್ರಾಸ್‌ರೋಡ್ಸ್ ಮಾಲಿನ ಪಾರ್ಕಿಂಗ್ ಜಾಗದ ತುಂಬ ಕಡಲು ಬಂದಿತ್ತು. ಅಂಗಡಿಯ ತಳ್ಳುಗಾಡಿಗಳು ದೋಣಿಗಳ ಹಾಗೆ ತೇಲುತ್ತಿದ್ದವು. ಅವುಗಳಲ್ಲೊಂದರಲ್ಲಿ ನನ್ನ ಮಗಳು ಮದುವಣಗಿತ್ತಿಯಾಗಿ, ಸೊಳ್ಳೆಪರದೆಯನ್ನೇ ಸೆರಗಿನಂತೆ ಹೊದ್ದುಕೊಂಡು ಕುಳಿತಿದ್ದಳು. ಕೂಗಿ ಕರೆದರೆ ಕೇಳಿಸದಷ್ಟು ದೂರ. ಎಚ್ಚರವಾದಾಗ ಬಾಯಿ ಒಣಗಿತ್ತು.

ಮಗಳು ಇದ್ದದ್ದೂ ಅಷ್ಟೇ ದೂರದಲ್ಲಿ. ಸಮುದ್ರಜೀವಿಗಳನ್ನು ಓದಿದವಳು, ಹವಳದ ದಿಬ್ಬಗಳ ಕೆಲಸಕ್ಕೆಂದು ಪೆಸಿಫಿಕ್ ಸಾಗರದ ನಡುವಿನ ವನುವಾಟು ಎಂಬ ದೇಶಕ್ಕೆ ಹೋದಳು. ಆ ದೇಶವೆಂದರೆ ನೀರಿನ ಮೇಲೆ ಚೆಲ್ಲಿದ ಒಂದು ಹಿಡಿ ದ್ವೀಪಗಳು. ಅವುಗಳಲ್ಲಿ ದೂರದ ಒಂದರಲ್ಲಿ ಇವಳ ಕೆಲಸ. ಹೋದವಳು ಅಲ್ಲಿನ ಶಾಲೆಯ ಮೇಷ್ಟ್ರನ್ನು ಮೆಚ್ಚಿಕೊಂಡಳು. ಹುಡುಗನಿಗೆ ಅಮೆರಿಕದ ವೀಸಾ ಸಿಗಲಿಲ್ಲ. ಹಾಗಾಗಿ ಮದುವೆ ಅಲ್ಲೇ, ಅವನ ಊರಲ್ಲೇ, ಏಪ್ರಿಲ್‌ನಲ್ಲಿ ಎಂದಾಯಿತು. ಇಲ್ಲೇ ಹುಟ್ಟಿ ಬೆಳೆದ ಮಗಳಿಗೆ ನಾವು ಕನ್ನಡದಲ್ಲಿ ಹೇಳಿದ್ದೆಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅವಳು ಕೇಳಿಕೊಂಡದ್ದು ಒಂದೇ: ಚರ್ಚಿನ ಮದುವೆ ಮುಗಿದ ಮೇಲೆ ನಮ್ಮ ಪದ್ಧತಿಯ ಹಾಗೆ ಧಾರೆ ಆಗಬೇಕು, ಅಪ್ಪನೇ ಎರೆಯಬೇಕು.

ಅದನ್ನು ಕೇಳಿದ ದಿನ ಇವರು, ಅಂದರೆ ನನ್ನ ಗಂಡ, ಬಾಲ್ಕನಿಗೆ ಹೋಗಿ ಫೋನಿನಲ್ಲಿ ಆ ದ್ವೀಪದ ನಕ್ಷೆ ಹುಡುಕತೊಡಗಿದರು. ವಿಜಯಪುರದ ಬಿಸಿಲು ನಾಡಿನವರು, ಸೇತುವೆ ಕಟ್ಟುವ ಎಂಜಿನಿಯರು, ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ. ನಾನು ಉಡುಪಿಯ ಕಡೆಯ ಕಡಲ ಕರೆಯವಳು. ನನ್ನದು ನಾಲ್ಕು ಕಾಲಿನ ಮೊಲ, ಆದರೆ ನಾಲಿಗೆ ಸ್ವಲ್ಪ ಉದ್ದ. ಮೂವತ್ತು ವರ್ಷದಿಂದ ನಮ್ಮ ಸಂಸಾರ ಹೀಗೆಯೇ ನಡೆದಿದೆ.

ಕ್ಲಿನಿಕ್ಕಿನ ವೈದ್ಯೆ ನಿಧಾನದ ಹೆಂಗಸು. ನಕ್ಷೆ ತೆರೆದಿಟ್ಟು ಕುದಿಸದ ನೀರು ಕುಡಿಯಬೇಡಿ, ಸಂಜೆಗೆ ತುಂಬುತೋಳಿನ ಬಟ್ಟೆ ಹಾಕಿ, ಮಲೇರಿಯಾ ಮಾತ್ರೆಯನ್ನು ದಿನವೂ ಊಟದೊಂದಿಗೆ ನುಂಗಿ ಎಂದೆಲ್ಲ ವಿವರಿಸಿದರು. ನಾನು ಜಂಬದಿಂದ, ಚಿಕ್ಕಂದಿನಲ್ಲೇ ನನಗೆ ಎರಡು ಸಲ ಮಲೇರಿಯಾ ಬಂದು ಹೋಗಿದೆ, ನಮ್ಮ ಕಡೆ ಸೊಳ್ಳೆಯೆಂದರೆ ಮನೆಗೆ ಬಂದುಹೋಗುವ ನೆಂಟರ ಹಾಗೆ, ನನಗೆ ಮಾತ್ರೆ ಬೇಡ ಎಂದೆ. ಅವರು ನಕ್ಕು, ಆ ನೆಂಟಸ್ತಿಕೆ ಎಂದೋ ಮುರಿದುಬಿದ್ದಿದೆ, ನಿಮ್ಮ ರಕ್ತ ಅದನ್ನು ಮರೆತಿದೆ ಎಂದರು. ರಕ್ತವೂ ಊರನ್ನು ಮರೆಯುತ್ತದೆಯೇ ಎಂದು ನನಗೆ ಪಿಚ್ಚೆನಿಸಿತು.

ಆಮೇಲೆ ಇವರ ಸರದಿ. ಇವರಿಗೆ ಸಕ್ಕರೆ ಕಾಯಿಲೆ, ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಬೇಕು. ಚುಚ್ಚಿಕೊಳ್ಳಲು ಬಳಸುತ್ತಿರುವ ಇನ್ಸುಲಿನ್ ಪೆನ್ನು ಕೆಲವು ವಾರ ಹೊರಗಿದ್ದರೂ ನಡೆಯುತ್ತದೆ, ಅದೂ ಬಿಸಿ ಹೆಚ್ಚದಿದ್ದರೆ. ಉಳಿದದ್ದು ಫ್ರಿಜ್ಜಿನಲ್ಲೇ ಇರಬೇಕು. ಆ ದ್ವೀಪಕ್ಕೆ ವಿಮಾನ ತನಗೆ ತೋಚಿದಾಗ ಬರುತ್ತದೆ, ಹಡಗು ಅದಕ್ಕಿಂತ ಅಪರೂಪ. ಆರೇಳು ವಾರಕ್ಕೆ ಸಾಲುವಷ್ಟು ಇನ್ಸುಲಿನ್ ಒಯ್ಯದೆ ಹೋಗುವ ಹಾಗಿಲ್ಲ. ಮಗಳ ಮನೆಯಲ್ಲಿ ಸೋಲಾರ್ ದೀಪ ಬಿಟ್ಟರೆ ಕರೆಂಟಿಲ್ಲ. ಕೆಟ್ಟ ಇನ್ಸುಲಿನ್ ನೋಡುವುದಕ್ಕೆ ಒಳ್ಳೆಯದರಂತೆಯೇ ಇರುತ್ತದೆ, ಚುಚ್ಚಿಕೊಂಡ ಮೇಲೆಯೇ ಗೊತ್ತಾಗುವುದು, ಅಷ್ಟು ಹೊತ್ತಿಗೆ ದೊಡ್ಡಾಸ್ಪತ್ರೆ ಒಂದು ಸಮುದ್ರದಾಚೆ ಇರುತ್ತದೆ ಎಂದು ವೈದ್ಯೆ ಹೇಳಿದರು. ತಂಪಿಗೆ ಒಂದು ದಾರಿ ಮಾಡಿಕೊಂಡರೆ ಹೋಗಿ ಬನ್ನಿ, ಇಲ್ಲದಿದ್ದರೆ ಹೋಗಿ ಎನ್ನಲು ನನಗೆ ಬಾಯಿ ಬರುವುದಿಲ್ಲ ಎಂದರು.

ಕಾರಿನಲ್ಲಿ ಇವರು ಆಡಿದ್ದು ಒಂದೇ ಮಾತು. "ಅಕಿಗೆ ಏನೂ ಹೇಳಬ್ಯಾಡ. ಮದುವಿ ಹುಡುಗಿ, ಸುಮ್ಮನ ತಲಿ ಕೆಡಿಸ್ಕೋತಾಳ."

ನಾನು ಹೂಂ ಎಂದೆ. ತೋಳು ನೋಯುತ್ತಿತ್ತು, ಜಗಳಕ್ಕೆ ಶಕ್ತಿ ಇರಲಿಲ್ಲ.

ಆ ಶನಿವಾರವೇ ಇವರು ವುಡಿನ್‌ವಿಲ್‌ನ ಒಂದು ನರ್ಸರಿಗೆ ಹೋಗಿ ಎರಡು ಮಣ್ಣಿನ ಹೂಕುಂಡ ತಂದರು. ಒಂದು ದೊಡ್ಡದು. ಇನ್ನೊಂದು ಚಿಕ್ಕದು, ಉದ್ದನೆಯ ಲೋಟದಷ್ಟು. ದೊಡ್ಡದರೊಳಗೆ ಮರಳು ತುಂಬಿ, ನಡುವೆ ಚಿಕ್ಕದನ್ನು ಹೂತು, ಮರಳಿಗೆ ನೀರು ಹನಿಸಿ, ಬಾಯಿಗೆ ಒದ್ದೆ ಬಟ್ಟೆ ಮುಚ್ಚಿದರು. ಹೂಕುಂಡವೆಂದ ಮೇಲೆ ತಳದಲ್ಲಿ ತೂತು ಇದ್ದೇ ಇರುತ್ತದೆ. ಚಿಕ್ಕದರ ತೂತಿಗೆ ಪಕ್ಕದ ಮನೆಯವರಿಂದ ಒಂದು ವೈನ್ ಬಾಟಲಿಯ ಬಿರಡೆ ಕೇಳಿ ತಂದು, ಚಾಕುವಿನಲ್ಲಿ ಕೆತ್ತಿ ಜಡಿದರು. ಹನಿ ಮದ್ಯ ಮುಟ್ಟದ ಮನುಷ್ಯ ಬಿರಡೆ ಕೇಳಲು ಬಂದದ್ದು ನೋಡಿ ಆ ಮನೆಯವರಿಗೆ ಆಶ್ಚರ್ಯ.

"ನಮ್ಮೂರಾಗ ಬ್ಯಾಸಗಿ ಅಂದ್ರ ಬೆಂಕಿ," ಎಂದರು ಇವರು, ಮರಳಿನ ಕೈ ಝಾಡಿಸುತ್ತ. "ಆವಾಗ ಫ್ರಿಜ್ ಯಾರ ಮನ್ಯಾಗ ಇತ್ತು? ನಮ್ಮವ್ವನ ಗಡಿಗ್ಯಾಗಿನ ನೀರು ಕುಡದ್ರ ಹಲ್ಲು ಜುಮ್ ಅಂತಿದ್ವು. ಇನ್ಸುಲಿನ್ ಏನು ಮಹಾ?"

ಅವ್ವನ ಗಡಿಗೆಯ ಮಾತು ಬಂದರೆ ಇವರ ಮುಖವೇ ಬೇರೆಯಾಗುತ್ತದೆ. ಕಟ್ಟೆಯ ಮೇಲೆ ಬೇವಿನ ನೆರಳಲ್ಲಿ ಇಟ್ಟ ಗಡಿಗೆ, ಅದರ ಹೊಟ್ಟೆಗೆ ಸುತ್ತಿದ ಒದ್ದೆ ಅರಿವೆ, ಬಿಸಿಗಾಳಿ ಬೀಸಿದಷ್ಟೂ ತಂಪಾಗುವ ನೀರು. ನಾನು ಆ ಗಡಿಗೆಯನ್ನು ಕಂಡವಳಲ್ಲ. ಆದರೂ ಎಷ್ಟು ಸಲ ಕೇಳಿದ್ದೇನೆಂದರೆ ಅದರ ನೀರು ನಾನೂ ಕುಡಿದ ಹಾಗೆ ಅನಿಸುತ್ತದೆ.

ಕುಂಡವನ್ನು ಬಾಲ್ಕನಿಯಲ್ಲಿಟ್ಟು ಒಳಗೆ ಥರ್ಮಾಮೀಟರ್ ಇಳಿಬಿಟ್ಟರು. ಮರುದಿನ ಬೆಳಿಗ್ಗೆ ನಾನು ಕಾಫಿ ಸೋಸುತ್ತಿದ್ದಾಗ ಹೊರಗಿನಿಂದ ಕೂಗು ಕೇಳಿತು.

"ನೋಡಬಾ ಇಲ್ಲೆ! ಎಂಟು ಡಿಗ್ರಿ! ನಾ ಹೇಳಿದ್ದಿಲ್ಲೇನು?"

"ಎಂತ ಮಾರಾಯ್ರೆ," ಎಂದೆ. "ಹೊರಗೆ ಆರು ಡಿಗ್ರಿ ಉಂಟು. ನಿಮ್ಮ ಗಡಿಗೆ ಬಿಸಿ ಮಾಡಿದ್ದು, ತಂಪು ಮಾಡಿದ್ದಲ್ಲ."

ಇವರು ಮೋಡದ ಕಡೆ ನೋಡಿದರು. ಫೆಬ್ರವರಿಯ ಸಿಯಾಟಲ್‌ನಲ್ಲಿ ಗಡಿಗೆಯ ಪರೀಕ್ಷೆ ಮಾಡುವುದೆಂದರೆ ಹೊಳೆಯಲ್ಲಿ ನಿಂತು ಕೊಡೆಯ ಪರೀಕ್ಷೆ ಮಾಡಿದ ಹಾಗೆ. ಅದು ಅವರಿಗೂ ಹೊಳೆಯಿತು. ಆದರೆ ಮೊಲದ ಕಾಲು ಮೂರೇ. "ಹಂಗಾರ ಬಿಸಲು ತರೂಣು," ಎಂದರು.

ತಂದರು ಕೂಡ. ಮಧ್ಯಾಹ್ನ ನಾನು ಊಟ ಮುಗಿಸಿ ತೂಕಡಿಸುತ್ತಿದ್ದಾಗ ಬಚ್ಚಲಿನಿಂದ ನೀರು ಸುರಿಯುವ ಸದ್ದು ಬಂತು, ನಿಲ್ಲಲೇ ಇಲ್ಲ. ಹೋಗಿ ಬಾಗಿಲು ತೆರೆದರೆ ಒಳಗೆ ಹೊಗೆಯೋ ಹಬೆಯೋ ತಿಳಿಯದು. ಬಿಸಿನೀರಿನ ಷವರ್ ಪೂರ್ತಿ ಬಿಟ್ಟಿದ್ದಾರೆ. ಮೂಲೆಯಲ್ಲಿ, ನೀರು ಸಿಡಿಯದಷ್ಟು ದೂರದಲ್ಲಿ, ರೂಮ್ ಹೀಟರ್ ಉರಿಯುತ್ತಿದೆ. ಮುಚ್ಚಿದ ಕಮೋಡಿನ ಮೇಲೆ ಕುಂಡವನ್ನು ದೇವರ ಹಾಗೆ ಕೂರಿಸಿ, ಎದುರಿಗೆ ಬನಿಯನ್, ಪಂಜೆಯಲ್ಲಿ ಇವರು ನಿಂತಿದ್ದಾರೆ.

"ಬಾಗಲಾ ಹಾಕು! ದ್ವೀಪ ಹೊರಗ ಹೊಂಟೈತಿ!"

ನಾನು ಒಳಗೆ ಬಂದು ಬಾಗಿಲು ಹಾಕಿಕೊಂಡೆ. ಬೈಯಬೇಕೆಂದೇ ಬಂದವಳು, ಬೈಯಲಿಲ್ಲ. ಟಬ್ಬಿನ ಅಂಚಿನಲ್ಲಿ ಕುಳಿತೆ. ಕನ್ನಡಿ ಮಸುಕಾಗಿ ಮಾಯವಾಗಿತ್ತು. ಟಬ್ಬಿನ ಪರದೆಯ ಮೇಲೆ ಬಣ್ಣಬಣ್ಣದ ಮೀನುಗಳಿವೆ. ಮಗಳು ಚಿಕ್ಕವಳಿದ್ದಾಗ ಹಟ ಮಾಡಿ ಆರಿಸಿದ್ದು, ಎಷ್ಟು ಹಳೆಯದಾದರೂ ಬದಲಾಯಿಸಲು ಮನಸ್ಸು ಬಂದಿಲ್ಲ. ಹಬೆಯಲ್ಲಿ ಆ ಮೀನುಗಳು ನಿಜಕ್ಕೂ ಅಲುಗಾಡುತ್ತಿದ್ದವು. ಕುತ್ತಿಗೆಯಲ್ಲಿ ಬೆವರು ಇಳಿಯತೊಡಗಿತು. ಎಷ್ಟು ವರ್ಷವಾಗಿತ್ತು ಹಾಗೆ ಬೆವರಿ! ಕಣ್ಣು ಮುಚ್ಚಿದೆ. ಏಪ್ರಿಲ್‌ನ ಮಧ್ಯಾಹ್ನ, ಹೆಂಚಿನ ಮಾಡಿನ ಕೆಳಗೆ ಗಾಳಿಯಿಲ್ಲದೆ ಬಿದ್ದುಕೊಂಡ ಮನೆಮಂದಿ, ಗಂಜಿಯ ತಿಳಿಗೆ ಉಪ್ಪು ಹಾಕಿ ಕುಡಿಯುವ ಅಜ್ಜಿ, ದೂರದಲ್ಲಿ ಕಡಲು ಉಸಿರಾಡುವ ಸದ್ದು. ಷವರಿನ ನೀರೋ, ಆ ಕಡಲೋ, ಮಗಳ ಕಡಲೋ, ಮೂರೂ ಒಂದಾಗಿ ಕೇಳಿಸಿದವು. ಅಲ್ಲಿಂದ ಎದ್ದು ಬರಲು ಮನಸ್ಸೇ ಆಗಲಿಲ್ಲ. ಇವರೂ ಬಂದು ಪಕ್ಕದಲ್ಲಿ ಕುಳಿತರು. ಮದುವೆಯಾದ ಹೊಸತರಲ್ಲಿ ಬಸ್ ಸ್ಟ್ಯಾಂಡಿನಲ್ಲಿ ಬಾರದ ಬಸ್ಸಿಗೆ ಕಾಯುತ್ತ ಕುಳಿತದ್ದು ನೆನಪಾಯಿತು.

ತುಸು ಹೊತ್ತಿನ ಮೇಲೆ ಇವರು ಕನ್ನಡಕ ಒರೆಸಿಕೊಂಡು ಥರ್ಮಾಮೀಟರ್ ಎತ್ತಿ ನೋಡಿದರು. ಮತ್ತೆ ಕನ್ನಡಕ ಒರೆಸಿಕೊಂಡು ನೋಡಿದರು.

"ಎಷ್ಟುಂಟು?" ಎಂದೆ.

"ಮೂವತ್ತೊಂದು."

"ಕುಂಡದ ಹೊರಗೆ?"

"ಮೂವತ್ತೆರಡು."

ಕುಂಡದ ಮೈ ನಮ್ಮ ಮೈಯ ಹಾಗೆಯೇ ನೀರಿಳಿಯುತ್ತಿತ್ತು. ಮರಳು ಹನಿಸಿದಷ್ಟೂ ಒದ್ದೆಯಾಗಿಯೇ ಇತ್ತು. ನನಗೆ ಅದು ಮೊದಲೇ ಗೊತ್ತಿರಬೇಕಿತ್ತು. ನಮ್ಮ ಮನೆಯಲ್ಲೂ ನೀರಿನ ಗಡಿಗೆ ಇತ್ತು, ಅದರ ನೀರು ಯಾರ ಹಲ್ಲನ್ನೂ ಜುಮ್ ಎನಿಸಿದ್ದಿಲ್ಲ. "ನಿಮ್ಮೂರಿನ ಗಾಳಿ ಒಣ, ನೀರು ಆರಿಸಿಕೊಂಡು ಹೋಗ್ತದೆ, ಗಡಿಗೆ ತಣ್ಣಗಾಗ್ತದೆ," ಎಂದೆ. "ಕಡಲಿನ ಬದಿಯಲ್ಲಿ ಮೈಯ ಬೆವರೇ ಒಣಗುವುದಿಲ್ಲ, ಗಡಿಗೆ ಎಲ್ಲಿ ಒಣಗ್ತದೆ ಮಾರಾಯ್ರೆ?"

ಗೆದ್ದೆನೆಂದು ಖುಷಿಯಾಗಬೇಕಿತ್ತು. ಆಗಲಿಲ್ಲ. ಇವರು ಎದ್ದು ನಲ್ಲಿ ನಿಲ್ಲಿಸಿದರು. ಹೀಟರ್ ಆರಿಸಿದರು. ಕಡಲು ನಿಂತಿತು. ಕನ್ನಡಿಯ ಮೇಲಿನಿಂದ ಹಬೆ ಇಳಿದು, ಬನಿಯನ್ನಿನಲ್ಲಿ ನಿಂತ ಇವರ ಮುಖ ನಿಧಾನವಾಗಿ ಕಾಣಿಸಿಕೊಂಡಿತು.

"ನೀ ಒಬ್ಬಾಕಿನ ಹೋಗಿ ಬಾ," ಎಂದರು.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಒಬ್ಬಳೇ ಹೋಗಿ ಎಂತ ಮಾಡುವುದು? ಧಾರೆ ಎರೆಯಲಿಕ್ಕೆ ಅಪ್ಪನನ್ನು ಬಾಡಿಗೆಗೆ ತರುವುದಾ?" ಎಂದು ಕೂಗಿದೆ. ಕೂಗುತ್ತ ಕೂಗುತ್ತ ಅಳು ಬಂತು. ಹೋದರೆ ಇವರಿಗೆ ಏನಾದರೂ ಆದೀತೆಂಬ ಭಯ. ಹೋಗದಿದ್ದರೆ, ಬಾಯಿಬಿಟ್ಟು ಒಂದು ಮಾತೂ ಆಡದೆ, ಈ ಮನುಷ್ಯ ಒಳಗೊಳಗೇ ಒಣಗಿಹೋದಾರೆಂಬ ಭಯ. ಎರಡೂ ಭಯಗಳನ್ನು ಒಂದೇ ಎದೆಯಲ್ಲಿಟ್ಟುಕೊಂಡು ನಾನು ಎಷ್ಟು ದಿನ ಪೆಟ್ಟಿಗೆ ಕಟ್ಟುವುದು? ಇವರು ಟವೆಲು ಕೊಟ್ಟರು. ಅದೂ ಒದ್ದೆಯಾಗಿತ್ತು.

ಆ ಟವೆಲಿನಲ್ಲೇ ಮುಖ ಒರೆಸಿಕೊಂಡು, ಇವರ ಎದುರಿಗೇ ಮಗಳಿಗೆ ಕಾಲ್ ಮಾಡಿದೆ. ನಮಗೆ ಮಧ್ಯಾಹ್ನವಾದರೆ ಅವಳಿಗೆ ನಾಳೆಯ ಬೆಳಗು. ಮಗಳು ನಮಗಿಂತ ಒಂದು ದಿನ ಮುಂದೆ ಬದುಕುತ್ತಿದ್ದಾಳೆ, ಅವಳಿಗೆ ಮುಂದೆ ಆಗುವುದೆಲ್ಲ ಗೊತ್ತಿರುತ್ತದೆ ಎಂದು ನನಗೆ ಆಗಾಗ ಅನಿಸುವುದಿತ್ತು. ಸಿಗ್ನಲ್‌ಗಾಗಿ ಅವಳು ದಿನಾ ಬೆಳಿಗ್ಗೆ ಒಂದು ಗುಡ್ಡ ಹತ್ತುತ್ತಿದ್ದಳು, ಮಾತಿನ ಜೊತೆ ಗಾಳಿಯೂ ಕೇಳಿಸುತ್ತಿತ್ತು. ಇನ್ಸುಲಿನ್ ವಿಷಯ, ಕುಂಡದ ವಿಷಯ, ಬಚ್ಚಲಿನ ವಿಷಯ ಎಲ್ಲ ಹೇಳಿದೆ. ಮೊದಲು ನಕ್ಕಳು. ನಗು ಎಲ್ಲಿ ಮುಗಿದು ಎಲ್ಲಿ ಬೇರೆಯದಾಯಿತೋ ತಿಳಿಯಲಿಲ್ಲ. ನನಗೆ ಯಾಕೆ ಮೊದಲೇ ಹೇಳಲಿಲ್ಲ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ನಾನು ಫೋನನ್ನು ಇವರ ಕಡೆ ತಿರುಗಿಸಿದೆ. ಇವರು ಕುಂಡದ ಮರಳನ್ನು ಬೆರಳಿನಿಂದ ಸರಿಮಾಡತೊಡಗಿದರು.

ಮರುದಿನ ಅವಳೇ ಕಾಲ್ ಮಾಡಿದಳು. ಊರಿನ ಆರೋಗ್ಯ ಕೇಂದ್ರದಲ್ಲಿ ಮಕ್ಕಳ ಲಸಿಕೆ ಇಡಲು ಬಿಸಿಲಿನಿಂದ ನಡೆಯುವ ಒಂದು ಫ್ರಿಜ್ ಇದೆ. ಅಲ್ಲಿನ ನರ್ಸಮ್ಮ ಜಾಗ ಕೊಡುತ್ತೇನೆ ಎಂದಿದ್ದಾರೆ.

"ಕೂಸುಗಳ ಔಷಧದ ಜಾಗಾ ನನಗ್ಯಾಕ? ಬ್ಯಾಡ," ಎಂದರು ಇವರು.

ಮಗಳು ಬಿಡಲಿಲ್ಲ. ಆ ಊರಿನಲ್ಲೂ ಸಕ್ಕರೆ ಕಾಯಿಲೆಯ ಇಬ್ಬರು ಮುದುಕರಿದ್ದಾರೆ, ಅವರ ಇನ್ಸುಲಿನ್ ಅದೇ ಫ್ರಿಜ್ಜಿನ ಕೆಳಗಿನ ಮೂಲೆಯಲ್ಲಿದೆ, ಅದರ ಪಕ್ಕ ಒಂದು ಊಟದ ಡಬ್ಬಿಯಷ್ಟು ಜಾಗ ಇನ್ನೂ ಖಾಲಿ ಇದೆ ಎಂದಳು. ಜಗತ್ತಿನಲ್ಲಿ ಸಕ್ಕರೆ ಬಂದದ್ದು ಅಪ್ಪನಿಗೆ ಒಬ್ಬನಿಗೇ ಅಲ್ಲ ಎಂದೂ ಸೇರಿಸಿದಳು. ಅದು ಇವರಿಗೆ ತಟ್ಟಿತು. ಆ ಇಬ್ಬರು ಮುದುಕರ ಬಗ್ಗೆ ಬಹಳ ವಿಚಾರಿಸಿಕೊಂಡರು. ಲಿನ್‌ವುಡ್‌ನ ವೈದ್ಯೆ ಎಲ್ಲ ಕೇಳಿ, ಎರಡು ಪಟ್ಟು ಒಯ್ಯಿರಿ, ಎರಡು ಕೈಚೀಲದಲ್ಲಿ ಬೇರೆ ಬೇರೆ ಇಡಿ, ಹೋಗಿ ಬನ್ನಿ ಎಂದರು.

ಉಳಿದದ್ದು ತೂಕದ ತಲೆಬಿಸಿ. ಕೊನೆಯ ಪುಟಾಣಿ ವಿಮಾನಕ್ಕೆ ಸಾಮಾನಿನ ಮಿತಿ ಬಹಳ ಕಡಿಮೆ, ಮನುಷ್ಯರನ್ನೂ ತೂಗಿಯೇ ಹತ್ತಿಸುತ್ತಾರೆ. ಅದೇ ಬಚ್ಚಲಿನಲ್ಲಿ ತೂಕದ ಯಂತ್ರ ಇಟ್ಟುಕೊಂಡು ಚೀಲ ಹೊತ್ತು ಹತ್ತುವುದು, ಇಳಿಯುವುದು. ಸೊಳ್ಳೆಪರದೆ, ಭೇದಿಗೆ ಉಪ್ಪುಸಕ್ಕರೆಯ ಪೊಟ್ಟಣಗಳು, ಸಕ್ಕರೆ ಅಳೆಯುವ ಯಂತ್ರ ಎರಡು, ಸೂಜಿಗಳು, ಡಾಕ್ಟರ ಚೀಟಿ. ಮದುವೆಗೆ ಹೊರಟವರ ಪೆಟ್ಟಿಗೆಯೋ ಔಷಧದ ಅಂಗಡಿಯೋ ಎನ್ನುವಂತಿತ್ತು. ಧಾರೆಗೆಂದು ನನ್ನಮ್ಮ ಕೊಟ್ಟ ಹಿತ್ತಾಳೆಯ ಗಿಂಡಿಯನ್ನು ಒಯ್ಯುವ ಆಸೆ ನನಗೆ. ಮೂತಿಯಿಂದ ಸಣ್ಣಗೆ ನೀರು ಬೀಳುವ ಆ ಗಿಂಡಿಯಿಂದಲೇ ನನ್ನ ಮದುವೆಯಲ್ಲೂ ಧಾರೆ ಎರೆದದ್ದು. ಆದರೆ ಎಷ್ಟು ಸಲ ತೂಗಿದರೂ ಗಿಂಡಿಯೋ, ಎರಡನೆಯ ಔಷಧದ ಚೀಲವೋ ಎಂದೇ ಬರುತ್ತಿತ್ತು. ಹೊರಡುವ ಹಿಂದಿನ ದಿನ ಗಿಂಡಿಯನ್ನು ತೆಗೆದು ಕಪಾಟಿನಲ್ಲಿಟ್ಟೆ. ಇವರು ಬಾಗಿಲಲ್ಲಿ ನಿಂತು ನೋಡಿದರು. ದೊಡ್ಡ ಕುಂಡದಲ್ಲಿ ನಾನು ಆಗಲೇ ಕೊತ್ತಂಬರಿ ಬಿತ್ತಿದ್ದೆ. ಚಿಕ್ಕದು ಎಲ್ಲೂ ಕಾಣಲಿಲ್ಲ, ಒಡೆದಿರಬೇಕು ಎಂದುಕೊಂಡೆ.

ಪ್ರಯಾಣ ಒಂದು ಉದ್ದನೆಯ ಜೋಂಪಿನ ಹಾಗೆ ಕಳೆಯಿತು. ನೀಲಿಯ ಮೇಲೆ ನೀಲಿ, ನಡುವೆ ಒಂದು ಇಡೀ ದಿನ ಎಲ್ಲೋ ಬಿದ್ದುಹೋಯಿತು. ವನುವಾಟುವಿನಲ್ಲಿ ಇಳಿದಾಗ ಮಣ್ಣು, ಬೀಜ, ಗಿಡ ತಂದಿದ್ದೀರಾ ಎಂದು ಕೇಳುವ ಅಧಿಕಾರಿಯ ಹತ್ತಿರ ಇವರು ಬಹಳ ಹೊತ್ತು ನಿಂತು ಏನೋ ವಿವರಿಸುತ್ತಿದ್ದರು. ಇನ್ಸುಲಿನ್ ಬಗ್ಗೆ ಇರಬೇಕೆಂದು ನಾನು ಚೀಲ ಕಾಯುತ್ತ ಕುಳಿತೆ. ಪುಟ್ಟ ವಿಮಾನದ ತಕ್ಕಡಿ ಹತ್ತಿದಾಗ ಇವರ ತೂಕ ಮನೆಯಲ್ಲಿ ಬಂದದ್ದಕ್ಕಿಂತ ಹೆಚ್ಚು ಬಂತು. "ವಿಮಾನದಲ್ಲಿ ಕೊಟ್ಟದ್ದನ್ನೆಲ್ಲ ತಿಂದರೆ ಹೀಗೆಯೇ," ಎಂದು ಬೈದೆ. ಅಂಥ ಸೆಖೆಯಲ್ಲಿ ಜಾಕೆಟ್ ಯಾಕೆ ಹಾಕಿಕೊಂಡಿದ್ದೀರಿ ಎಂದೂ ಬೈದೆ. ತೂಕ ಮಿತಿಯೊಳಗೇ ಇತ್ತು, ಹತ್ತಿಸಿಕೊಂಡರು.

ಆರೋಗ್ಯ ಕೇಂದ್ರದ ನರ್ಸಮ್ಮ ನಮ್ಮ ಡಬ್ಬಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಆ ಮುದುಕರ ಡಬ್ಬಿಗಳ ಪಕ್ಕ ಇಟ್ಟರು. ಇವರು ಫ್ರಿಜ್ಜಿನ ಬಾಗಿಲನ್ನು ಮುಟ್ಟಿ ನೋಡಿದರು. ಆ ರಾತ್ರಿ ಪರದೆಯೊಳಗೆ ನಾನು ಕನಸೇ ಇಲ್ಲದೆ ನಿದ್ದೆ ಮಾಡಿದೆ.

ಚರ್ಚಿನ ಮದುವೆ ಬೆಳಿಗ್ಗೆ ಮುಗಿಯಿತು. ಆಮೇಲೆ ಹಲಸಿನ ಜಾತಿಯ ಒಂದು ದೊಡ್ಡ ಜೀಗುಜ್ಜೆ ಮರದ ಕೆಳಗೆ ಚಾಪೆ ಹಾಸಿದರು. ನಮ್ಮ ಊರಿನ ಹಿತ್ತಲಲ್ಲಿ ಇರುವುದೇ ಆ ಮರ, ಅದೇ ಅಗಲ ಎಲೆ. ಅಳಿಯನ ಅಂಗೈಯ ಮೇಲೆ ಮಗಳ ಅಂಗೈ, ಅದರ ಮೇಲೆ ಒಂದು ತೆಂಗಿನಕಾಯಿ. ಊರಿಗೆ ಊರೇ ಸುತ್ತ ನಿಂತಿತ್ತು. ನೀರು ಎರೆಯಲು ಏನಾದರೂ ಸಿಗುತ್ತದೆಯೇ ಎಂದು ನಾನು ಅತ್ತಿತ್ತ ನೋಡಿದೆ. ಒಂದು ನೀಲಿ ಪ್ಲಾಸ್ಟಿಕ್ ಜಗ್ ಕಂಡಿತು. ಕಪಾಟಿನಲ್ಲಿ ಬಿಟ್ಟು ಬಂದ ಗಿಂಡಿಯನ್ನು ನೆನೆಯುತ್ತ ಅದಕ್ಕೇ ನೀರು ತುಂಬಿಸಿ ತಂದೆ.

ಆಗ ಇವರು ಮರದ ಬುಡದಲ್ಲಿ ಇಟ್ಟಿದ್ದ ಜಾಕೆಟ್ಟಿನ ಜೇಬಿಗೆ ಕೈ ಹಾಕಿ ಆ ಚಿಕ್ಕ ಕುಂಡವನ್ನು ತೆಗೆದರು. ಒಂದು ಕಣ ಮಣ್ಣಿಲ್ಲದ ಹಾಗೆ ಉಜ್ಜಿ ತೊಳೆದಿದ್ದರು. ಜಗ್ಗಿನಿಂದ ಅದಕ್ಕೆ ನೀರು ತುಂಬಿ, ಜೋಡಿಸಿದ ಕೈಗಳ ಮೇಲೆ ಎತ್ತಿ ಹಿಡಿದು, ತಳದ ಬಿರಡೆ ಕಿತ್ತರು. ನೀರು ಸಣ್ಣಗೆ, ಎಳೆಯಾಗಿ, ತೆಂಗಿನಕಾಯಿಯ ಮೇಲೆ ಬಿದ್ದು ಬೆರಳುಗಳ ಸಂದಿನಿಂದ ಇಳಿಯಿತು. ಗಿಂಡಿಯಿಂದ ಬೀಳುವ ಹಾಗೆಯೇ. ಕೊನೆಯವರೆಗೂ ಧಾರೆ ಕಡಿಯಲಿಲ್ಲ.

ಮಗಳು ತಲೆಯೆತ್ತಿ ಇವರನ್ನು ನೋಡಿದಳು. "ಅಪ್ಪಾ," ಎಂದಳು, ತಡವರಿಸುತ್ತ, ಕನ್ನಡದಲ್ಲೇ, "ನೀರು ತಣ್ಣಗಿದೆ."

ಇವರು ನನ್ನ ಕಡೆ ತಿರುಗಿದರು. ಗೆದ್ದವರ ಮುಖ, ಕಣ್ಣ ತುಂಬ ನೀರು. ನಾನೂ ಹತ್ತಿರ ಹೋಗಿ ಆ ಧಾರೆಗೆ ಬೆರಳು ಒಡ್ಡಿದೆ.

ಬೆಚ್ಚಗಿತ್ತು.

"ಹೌದು ಮಾರಾಯ್ರೆ," ಎಂದೆ. "ತಣ್ಣಗುಂಟು."